ಡ್ರೋನ್ ರಿಮೋಟ್ ಮಾತು ಕೇಳುತ್ತಿಲ್ಲವಾ? ತಪ್ಪು ಎಲ್ಲಿದೆ ಅಂತ ಹಿಡಿಯುವುದು ಹೀಗೆ

ಸ್ಟಿಕ್ ಮೇಲೆತ್ತಿದರೂ ಡ್ರೋನ್ ಅಲ್ಲಾಡುತ್ತಿಲ್ಲ. ಇಲ್ಲವೇ ಎದ್ದಿತು, ಆದರೆ ಎಡಕ್ಕೇ ಜಾರುತ್ತಿದೆ. ಇಲ್ಲವೇ ನಾಲ್ಕು ಮಾರು ದೂರ ಹೋಗುವಷ್ಟರಲ್ಲಿ ಸಿಗ್ನಲ್ ಇಲ್ಲ ಅಂತ ರಿಮೋಟ್ ಬಡಿದುಕೊಳ್ಳುತ್ತಿದೆ. ಮೂರೂ ಬೇರೆ ಬೇರೆ ತೊಂದರೆ. ಆದರೆ ಬಾಯಿಗೆ ಬರುವ ಮಾತು ಒಂದೇ: "ರಿಮೋಟ್ ಹೋಯ್ತು."

ಹೀಗೆ "ಹೋದ" ರಿಮೋಟ್‌ಗಳಲ್ಲಿ ಬಹಳಷ್ಟು ನಿಜವಾಗಿ ಕೆಟ್ಟಿರುವುದೇ ಇಲ್ಲ. ಸೆಟ್ಟಿಂಗ್ ತಪ್ಪಿರುತ್ತದೆ, ಕೇಬಲ್ ಸರಿಯಿರುವುದಿಲ್ಲ, ಬ್ಯಾಟರಿ ಸುಸ್ತಾಗಿರುತ್ತದೆ, ಅಥವಾ ತಪ್ಪು ಡ್ರೋನಿನ ಕಡೆಯೇ ಇರುತ್ತದೆ. ಆದ್ದರಿಂದ ಸ್ಕ್ರೂ ಡ್ರೈವರ್ ಎತ್ತಿಕೊಳ್ಳುವ ಮೊದಲು ತಪ್ಪು ಯಾವ ಭಾಗದಲ್ಲಿದೆ ಅಂತ ಗೊತ್ತುಮಾಡಿಕೊಳ್ಳಬೇಕು. ರಿಪೇರಿ ಆಮೇಲಿನ ಮಾತು.

ಬೆರಳಿನಿಂದ ಮೋಟರ್ ತನಕ

ನೀವು ಸ್ಟಿಕ್ ಸರಿಸಿದಾಗ ಏನೇನಾಗುತ್ತದೆ ನೋಡಿ. ಸ್ಟಿಕ್ಕಿನ ಬುಡದಲ್ಲಿ ಒಂದು ಸೆನ್ಸರ್ ಇದೆ. ಸ್ಟಿಕ್ ಎಷ್ಟು ವಾಲಿದೆ ಅನ್ನುವುದನ್ನು ಅದು ವೋಲ್ಟೇಜ್ ರೂಪದಲ್ಲಿ ಹೇಳುತ್ತದೆ. ಒಳಗಿನ ಚಿಪ್ ಆ ವೋಲ್ಟೇಜನ್ನು ಅಂಕಿಯಾಗಿ ಓದಿಕೊಳ್ಳುತ್ತದೆ. ರೇಡಿಯೋ ಮಾಡ್ಯೂಲ್ ಎಲ್ಲ ಸ್ಟಿಕ್ಕು, ಸ್ವಿಚ್ಚುಗಳ ಅಂಕಿಗಳನ್ನು ಒಟ್ಟಿಗೆ ಕಟ್ಟಿ, ಸೆಕೆಂಡಿಗೆ ಹತ್ತಾರು ಸಲ, ಕೆಲವು ರಿಮೋಟ್‌ಗಳಲ್ಲಿ ನೂರಾರು ಸಲ, ಆಂಟೆನಾ ಮೂಲಕ ಗಾಳಿಗೆ ಬಿಡುತ್ತದೆ. ಡ್ರೋನಿನ ರಿಸೀವರ್ ಅದನ್ನು ಹಿಡಿದು ಫ್ಲೈಟ್ ಕಂಟ್ರೋಲರ್‌ಗೆ, ಅಂದರೆ ಹಾರಾಟ ನಿಯಂತ್ರಿಸುವ ಬೋರ್ಡ್‌ಗೆ, ಕೊಡುತ್ತದೆ. ಅದು ಲೆಕ್ಕ ಹಾಕಿ ಮೋಟರ್ ತಿರುಗಿಸುತ್ತದೆ.

ಈ ಸರಪಳಿಯಲ್ಲಿ ಯಾವ ಕೊಂಡಿ ಕಳಚಿದರೂ ಹೊರಗೆ ಕಾಣುವುದು ಒಂದೇ. ಡ್ರೋನ್ ಮಾತು ಕೇಳುವುದಿಲ್ಲ, ಅಷ್ಟೇ. ಹಾಗಂತ ಒಂದು ತುದಿಯಿಂದ ಶುರುಮಾಡಿ ಪ್ರತಿಯೊಂದನ್ನೂ ಪರೀಕ್ಷೆ ಮಾಡುತ್ತ ಹೋದರೆ ದಿನವೆಲ್ಲ ಬೇಕು. ಸರಪಳಿಯ ನಡುವೆ ನಿಂತು ನೋಡುವುದು ಜಾಣತನ. ಅಲ್ಲಿಯವರೆಗೆ ಅಂಕಿಗಳು ಸರಿಯಾಗಿ ಬರುತ್ತಿವೆಯಾ? ಬರುತ್ತಿದ್ದರೆ ಹಿಂದಿನದೆಲ್ಲ ಸರಿ, ತಪ್ಪು ಮುಂದಿದೆ. ಬರುತ್ತಿಲ್ಲವಾ? ಹಾಗಾದರೆ ಮುಂದಿನದರ ಗೊಡವೆ ಬೇಡ.

ಹಾಗೆ ನಿಂತು ನೋಡಲು ಒಳ್ಳೆಯ ಜಾಗಗಳಿವೆ. ಮೊದಲನೆಯದು ರಿಮೋಟಿನ ಪರದೆಯೇ. ಎಡ್ಜ್‌ಟಿಎಕ್ಸ್ ಅಥವಾ ಓಪನ್‌ಟಿಎಕ್ಸ್ ಸಾಫ್ಟ್‌ವೇರ್ ಇರುವ ರಿಮೋಟ್‌ಗಳಲ್ಲಿ ಪ್ರತಿ ಚಾನೆಲ್ (ಸ್ಟಿಕ್ಕಿನ ಒಂದು ದಿಕ್ಕಿನ ಅಥವಾ ಒಂದು ಸ್ವಿಚ್ಚಿನ ಅಂಕಿ) ಎಷ್ಟಿದೆ ಅಂತ ಅದರಲ್ಲೇ ಕಾಣುತ್ತದೆ. ಎರಡನೆಯದು ಕಂಪ್ಯೂಟರ್. ಇಂಥ ರಿಮೋಟ್‌ಗಳನ್ನು ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರ್‌ಗೆ ಸಿಕ್ಕಿಸಿ ಜಾಯ್‌ಸ್ಟಿಕ್ ಅಂತ ಆರಿಸಿದರೆ ಸಾಕು, ಅವು ಗೇಮ್ ಕಂಟ್ರೋಲರ್ ಹಾಗೆ ಕೆಲಸ ಮಾಡುತ್ತವೆ. ಇಲ್ಲಿ ರೇಡಿಯೋ, ಆಂಟೆನಾ, ರಿಸೀವರ್ ಯಾವುದೂ ಮಧ್ಯೆ ಬರುವುದಿಲ್ಲ. ಸಿಮ್ಯುಲೇಟರ್‌ನಲ್ಲಿ, ಅಂದರೆ ಕಂಪ್ಯೂಟರಿನ ಹಾರಾಟದ ಆಟದಲ್ಲಿ, ಡ್ರೋನ್ ನೆಟ್ಟಗೆ ಹಾರಿ, ನಿಜದಲ್ಲಿ ಹಾರದಿದ್ದರೆ ಸ್ಟಿಕ್ಕು, ಸ್ವಿಚ್ಚು, ಬೋರ್ಡು ಎಲ್ಲ ಚೆನ್ನಾಗಿವೆ ಅಂತಲೇ ಅರ್ಥ. ಮೂರನೆಯದು ಡ್ರೋನನ್ನು ಕಂಪ್ಯೂಟರ್‌ಗೆ ಸಿಕ್ಕಿಸಿ ಬೀಟಾಫ್ಲೈಟ್‌ನಂಥ ಸಾಫ್ಟ್‌ವೇರ್‌ನಲ್ಲಿ ರಿಸೀವರ್ ಪುಟ ನೋಡುವುದು. ಅಲ್ಲಿ ಸ್ಟಿಕ್ಕಿನ ಜೊತೆ ಪಟ್ಟಿಗಳು ಓಡಾಡಿದರೆ ರಿಮೋಟ್, ಗಾಳಿ, ರಿಸೀವರ್ ಎಲ್ಲ ಪಾಸ್.

ಇಷ್ಟರಲ್ಲಿ ಏನೇ ಮಾಡುವುದಿದ್ದರೂ ಮೊದಲು ಪ್ರೊಪೆಲ್ಲರ್ ಬಿಚ್ಚಿ. ಇದಕ್ಕೆ ರಿಯಾಯಿತಿ ಇಲ್ಲ. ನೀವು ಹುಡುಕುತ್ತಿರುವುದೇ ಮಾತು ಕೇಳದ ರಿಮೋಟಿನ ಕಾರಣ. ಆ ರಿಮೋಟ್ ಕೈಯಲ್ಲಿ ಹಿಡಿದು, ಮೋಟರ್ ತಾನಾಗಿ ತಿರುಗುವುದಿಲ್ಲ ಅಂತ ನಂಬುವುದು ಹೇಗೆ?

ಆನ್ ಆಗುತ್ತಲೇ ಇಲ್ಲ

ಆನ್ ಆಗದ ರಿಮೋಟ್‌ನಲ್ಲಿ ಮೊದಲು ನೋಡಬೇಕಾದದ್ದು ಬಟನ್ ಒತ್ತುವ ಕ್ರಮ. ನಗಬೇಡಿ. ಡಿಜೆಐ ಕಂಪನಿಯ ರಿಮೋಟ್‌ಗಳು ಒಂದೇ ಸಲ ಒತ್ತಿದರೆ ಚಾರ್ಜ್ ಎಷ್ಟಿದೆ ಅಂತ ದೀಪ ತೋರಿಸಿ ಸುಮ್ಮನಾಗುತ್ತವೆ. ಒಮ್ಮೆ ಒತ್ತಿ ಬಿಟ್ಟು, ಮತ್ತೆ ಒತ್ತಿ ಹಿಡಿದರೆ ಮಾತ್ರ ಆನ್ ಆಗುತ್ತವೆ. ಕೈ ಬದಲಾದ ಹೊಸದರಲ್ಲಿ ಇದು ಗೊತ್ತಿಲ್ಲದೆ "ಸತ್ತಿದೆ" ಅಂತ ಪಕ್ಕಕ್ಕಿಟ್ಟವರಿದ್ದಾರೆ.

ಎರಡನೆಯದು ಚಾರ್ಜಿಂಗ್. ಇಲ್ಲಿ ಒಂದು ಸೂಕ್ಷ್ಮ ಇದೆ, ತಿಳಿದುಕೊಂಡರೆ ಮುಂದೆ ಎಷ್ಟೋ ಕಡೆ ಉಪಯೋಗಕ್ಕೆ ಬರುತ್ತದೆ. ಎರಡೂ ತುದಿಯಲ್ಲಿ ಸಿ-ಪಿನ್ ಇರುವ ಕೇಬಲ್ ಹಾಕಿದಾಗ ಚಾರ್ಜರ್ ತಕ್ಷಣ ಕರೆಂಟ್ ಕೊಡುವುದಿಲ್ಲ. ಆ ಕಡೆ ನಿಜವಾಗಿ ಒಂದು ಸಾಧನ ಇದೆಯಾ ಅಂತ ಮೊದಲು ನೋಡುತ್ತದೆ. ಅದಕ್ಕಾಗಿ ಸಾಧನದ ಒಳಗೆ 5.1 ಕಿಲೋಓಮ್‌ನ ಎರಡು ಪುಟ್ಟ ರೆಸಿಸ್ಟರ್‌ಗಳು ಇರಬೇಕು. ಕಡಿಮೆ ಬೆಲೆಯ ಕೆಲವು ರಿಮೋಟ್‌ಗಳಲ್ಲಿ ಇವನ್ನು ಹಾಕಿರುವುದೇ ಇಲ್ಲ. ಚಾರ್ಜರ್ ಪಾಲಿಗೆ ಆ ಕಡೆ ಏನೂ ಇಲ್ಲ. ಎಷ್ಟೇ ದುಬಾರಿ ಚಾರ್ಜರ್ ಸಿಕ್ಕಿಸಿದರೂ ದೀಪ ಹತ್ತುವುದಿಲ್ಲ. ಅದೇ ರಿಮೋಟ್‌ಗೆ ಒಂದು ತುದಿಯಲ್ಲಿ ಹಳೇ ಅಗಲ ಪಿನ್ ಇರುವ ಯುಎಸ್‌ಬಿ-ಎ ಕೇಬಲ್ ಹಾಕಿ ನೋಡಿ, ಚಾರ್ಜ್ ಶುರುವಾಗುತ್ತದೆ. ಆ ಪೋರ್ಟ್ ಯಾವತ್ತೂ 5 ವೋಲ್ಟ್ ಕೊಡುತ್ತಲೇ ಇರುತ್ತದೆ, ಏನೂ ಕೇಳುವುದಿಲ್ಲ.

ಮೂರನೆಯದು ಸೆಲ್‌ಗಳು. ಆಟಿಕೆ ಡ್ರೋನ್‌ಗಳ ರಿಮೋಟ್‌ಗೆ ಸಾಮಾನ್ಯವಾಗಿ ಎಎ ಸೆಲ್ ಹಾಕುತ್ತಾರೆ. ಬಿಸಾಡುವ ಆಲ್ಕಲೈನ್ ಸೆಲ್ ಒಂದಕ್ಕೆ 1.5 ವೋಲ್ಟ್, ರೀಚಾರ್ಜ್ ಮಾಡುವ ನಿಕಲ್ ಸೆಲ್ ಒಂದಕ್ಕೆ 1.2 ವೋಲ್ಟ್. ನಾಲ್ಕು ಸೆಲ್ ಸೇರಿದಾಗ ಒಂದರಲ್ಲಿ 6 ವೋಲ್ಟ್, ಇನ್ನೊಂದರಲ್ಲಿ 4.8. ಆಲ್ಕಲೈನ್ ಲೆಕ್ಕದಲ್ಲಿ ಮಾಡಿದ ರಿಮೋಟ್‌ಗೆ ಆಗಷ್ಟೇ ಚಾರ್ಜ್ ಆದ ನಿಕಲ್ ಸೆಲ್ಲೂ ಅರ್ಧ ಖಾಲಿಯಾದ ಹಾಗೆ ಕಾಣುತ್ತದೆ, ಅದು ಬೀಪ್ ಬೀಪ್ ಅನ್ನುತ್ತದೆ. ದೊಡ್ಡ ರಿಮೋಟ್‌ಗಳಲ್ಲಿ ಲಿಥಿಯಂ ಸೆಲ್ ಇರುತ್ತವೆ. ತುಂಬಿದಾಗ ಒಂದಕ್ಕೆ 4.2 ವೋಲ್ಟ್, ಎರಡಿದ್ದರೆ 8.4. ಇವುಗಳಲ್ಲಿ ಬ್ಯಾಟರಿ ಎಚ್ಚರಿಕೆಯ ಮಟ್ಟವನ್ನು ನಾವೇ ಸೆಟ್ ಮಾಡಬಹುದು. ಸೆಲ್ ಬಗೆ ಬದಲಾಯಿಸಿ ಆ ಸಂಖ್ಯೆಯನ್ನು ಹಾಗೇ ಬಿಟ್ಟರೆ ರಿಮೋಟ್ ಒಂದೋ ಸುಮ್ಸುಮ್ನೆ ಕೂಗುತ್ತದೆ, ಇಲ್ಲವೇ ಕೂಗಬೇಕಾದಾಗ ಕೂಗುವುದಿಲ್ಲ. ಎರಡನೆಯದು ಅಪಾಯ.

ಇನ್ನೊಂದು ಮೋಸದ ಲಕ್ಷಣ ಇದೆ. ರಿಮೋಟ್ ಆನ್ ಆಗುತ್ತದೆ, ಪರದೆ ಚೆನ್ನಾಗಿ ಬರುತ್ತದೆ, ಆದರೆ ರೇಡಿಯೋ ಜೋರಾಗಿ ಕಳಿಸಲು ಶುರುಮಾಡಿದ ಕೂಡಲೇ ರೀಸ್ಟಾರ್ಟ್ ಆಗುತ್ತದೆ. ಸೆಲ್ ಹಳತಾದಾಗ ಸುಮ್ಮನಿದ್ದಾಗ ವೋಲ್ಟೇಜ್ ಚೆನ್ನಾಗೇ ತೋರಿಸುತ್ತದೆ, ಭಾರ ಬಿದ್ದ ತಕ್ಷಣ ಕುಸಿಯುತ್ತದೆ. ಆದ್ದರಿಂದ ಮಲ್ಟಿಮೀಟರ್ ಹಿಡಿದರೆ ರಿಮೋಟ್ ಆನ್ ಇರುವಾಗ, ಕೆಲಸ ಮಾಡುತ್ತಿರುವಾಗ ಅಳೆಯಿರಿ. ಸೆಲ್ ಸ್ವಲ್ಪ ಉಬ್ಬಿದ್ದರೂ ಅಲ್ಲಿಗೇ ಅದರ ಕಥೆ ಮುಗಿಯಿತು. ಚಾರ್ಜ್ ಮಾಡಿ ನೋಡೋಣ ಅನ್ನಬೇಡಿ.

ಸೆಲ್ ಕೂರುವ ಜಾಗದ ಸ್ಪ್ರಿಂಗ್ ಮೇಲೆ ಬಿಳಿ ಪುಡಿ ಕಂಡರೆ ಅದು ಆಲ್ಕಲೈನ್ ಸೆಲ್ ಸೋರಿದ ಗುರುತು. ಸೋರಿದ್ದು ಕ್ಷಾರ. ಕೈಗೆ ಗ್ಲೌಸ್ ಹಾಕಿ, ಹತ್ತಿ ಕಡ್ಡಿಗೆ ಸ್ವಲ್ಪ ವಿನೆಗರ್ ಮುಟ್ಟಿಸಿ ಒರೆಸಿದರೆ ಬಿಡುತ್ತದೆ. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಒಣಗಿಸಿ.

ಸ್ಟಿಕ್ ಒಂದು ಹೇಳುತ್ತದೆ, ಡ್ರೋನ್ ಒಂದು ಮಾಡುತ್ತದೆ

ನನ್ನ ಪ್ರಕಾರ ಇಡೀ ವಿಷಯದಲ್ಲಿ ಹೆಚ್ಚು ಗಮನ ಕೊಡಬೇಕಾದ ಜಾಗ ಇದು. ಇಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ, ಅಂಕಿ ನೋಡಿದರೆ ಎಲ್ಲ ಗೊತ್ತಾಗುತ್ತದೆ.

ಹವ್ಯಾಸಿ ಡ್ರೋನ್‌ಗಳಲ್ಲಿ ಸ್ಟಿಕ್ಕಿನ ಚಲನೆಯನ್ನು ಸುಮಾರು 1000ದಿಂದ 2000ದವರೆಗಿನ ಅಂಕಿಯಲ್ಲಿ ಹೇಳುತ್ತಾರೆ. ಪೂರ್ತಿ ಕೆಳಗೆ 1000, ನಡುವೆ 1500, ಪೂರ್ತಿ ಮೇಲೆ 2000. ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್, ಕ್ರಾಸ್‌ಫೈರ್ ಅನ್ನುವ ರೇಡಿಯೋ ವ್ಯವಸ್ಥೆಗಳ ರಿಸೀವರ್‌ಗಳಲ್ಲಿ 988ರಿಂದ 2012 ಕಾಣುತ್ತದೆ. ಅದು ತಪ್ಪಲ್ಲ, ಅವುಗಳ ಲೆಕ್ಕವೇ ಹಾಗೆ.

ಈಗ ಒಂದು ಸಂದರ್ಭ ನೋಡೋಣ. ಎಲ್ಲ ದೀಪ ಸರಿಯಾಗಿವೆ, ರಿಸೀವರ್ ಕೂಡಿಕೊಂಡಿದೆ, ಆದರೆ ಆರ್ಮ್ ಸ್ವಿಚ್ (ಮೋಟರ್ ತಿರುಗಲು ಅನುಮತಿ ಕೊಡುವ ಸ್ವಿಚ್) ಹಾಕಿದರೆ ಮೋಟರ್ ತಿರುಗುವುದಿಲ್ಲ. ಕಂಪ್ಯೂಟರ್‌ಗೆ ಸಿಕ್ಕಿಸಿ ರಿಸೀವರ್ ಪುಟ ತೆರೆಯುತ್ತೀರಿ. ಥ್ರಾಟಲ್, ಅಂದರೆ ಮೋಟರ್ ವೇಗ ಏರಿಸಿ ಇಳಿಸುವ ಸ್ಟಿಕ್, ಪೂರ್ತಿ ಕೆಳಗಿದೆ, ಅಂಕಿ 1060 ತೋರಿಸುತ್ತಿದೆ. ಸಿಕ್ಕಿತು ಕಾರಣ. ಬೀಟಾಫ್ಲೈಟ್‌ನಲ್ಲಿ ಥ್ರಾಟಲ್ ಕೆಳಗಿದೆ ಅಂತ ಒಪ್ಪಬೇಕಾದರೆ ಅಂಕಿ 1050ಕ್ಕಿಂತ ಕಡಿಮೆ ಇರಬೇಕು. ನಿಮ್ಮ ಕಣ್ಣಿಗೆ ಸ್ಟಿಕ್ ನೆಲಮುಟ್ಟಿದೆ, ಫ್ಲೈಟ್ ಕಂಟ್ರೋಲರ್‌ಗೆ ಮಾತ್ರ ನೀವು ಥ್ರಾಟಲ್ ಸ್ವಲ್ಪ ಎತ್ತಿ ಹಿಡಿದ ಹಾಗೆ. ಅಂಥ ಸ್ಥಿತಿಯಲ್ಲಿ ಮೋಟರ್ ಶುರುಮಾಡುವುದು ಅಪಾಯ ಅಂತ ಅದು ಹಟ ಹಿಡಿದು ಕೂತಿದೆ. ಎಚ್ಚರಿಕೆಗಳ ಸಾಲಿನಲ್ಲಿ ಥ್ರಾಟಲ್ ಅಂತ ಬರೆದೂ ಇರುತ್ತದೆ, ನೋಡುವವರು ಕಡಿಮೆ.

ಪರಿಹಾರ ರಿಮೋಟನ್ನು ಕ್ಯಾಲಿಬ್ರೇಟ್ ಮಾಡುವುದು, ಅಂದರೆ ಸ್ಟಿಕ್ಕಿನ ನಡು ಎಲ್ಲಿ, ತುದಿ ಎಲ್ಲಿ ಅಂತ ಅದಕ್ಕೆ ಮತ್ತೆ ಹೇಳಿಕೊಡುವುದು. ಎಡ್ಜ್‌ಟಿಎಕ್ಸ್ ರಿಮೋಟ್‌ನಲ್ಲಿ ಹಾರ್ಡ್‌ವೇರ್ ಪುಟದಲ್ಲಿ ಈ ಆಯ್ಕೆ ಇದೆ. ಮೊದಲು ಸ್ಟಿಕ್ಕುಗಳನ್ನು ನಟ್ಟನಡುವೆ ಇಡಲು ಹೇಳುತ್ತದೆ, ಆಮೇಲೆ ನಾಲ್ಕೂ ಮೂಲೆಗೆ ತಿರುಗಿಸಲು ಹೇಳುತ್ತದೆ. ತಿರುಗಿಸುವಾಗ ತುದಿಗೆ ಮುಟ್ಟಿಸಿ, ಆದರೆ ಒತ್ತಿ ಹಿಂಡಬೇಡಿ. ಹಿಂಡಿದರೆ ಪ್ಲಾಸ್ಟಿಕ್ ಬಾಗಿ ಒಂದೆರಡು ಅಂಕಿ ಜಾಸ್ತಿ ಬರುತ್ತದೆ, ಮುಂದೆ ಸಾಮಾನ್ಯವಾಗಿ ಹಾರಿಸುವಾಗ ಆ ತುದಿ ಮುಟ್ಟುವುದೇ ಇಲ್ಲ. ಕ್ಯಾಮೆರಾ ಡ್ರೋನ್‌ಗಳಲ್ಲಿ ಇದೇ ಕೆಲಸ ಆ್ಯಪ್ ಒಳಗಿನ ಸೆಟ್ಟಿಂಗ್‌ನಲ್ಲಿ ಸಿಗುತ್ತದೆ, ಡ್ರೋನ್ ಆಫ್ ಮಾಡಿಟ್ಟು ಮಾಡಬೇಕು.

ಇನ್ನು ಡ್ರೋನ್ ಒಂದೇ ಕಡೆ ಜಾರುವ ತೊಂದರೆ. ಸ್ಟಿಕ್ ಬಿಟ್ಟು ಅಂಕಿ ನೋಡಿ. 1500ರ ಸುತ್ತ ನಿಂತಿದ್ದರೆ ರಿಮೋಟ್ ನಿರಪರಾಧಿ. ಡ್ರೋನಿನ ಸೆನ್ಸರ್ ಕ್ಯಾಲಿಬ್ರೇಷನ್, ಗಾಳಿ, ಬಾಗಿದ ಪ್ರೊಪೆಲ್ಲರ್, ಇವುಗಳ ಕಡೆ ನೋಡಿ. ಕೆಳಮುಖ ಕ್ಯಾಮೆರಾದಿಂದ ಜಾಗ ಗುರುತಿಸುವ ಡ್ರೋನ್ ಆದರೆ ಹೊಳೆಯುವ ನೆಲ, ನೀರು, ಒಂದೇ ಬಣ್ಣದ ಹಾಸು ಕೂಡ ಅದನ್ನು ದಾರಿ ತಪ್ಪಿಸುತ್ತವೆ. ಅಂಕಿ 1512, 1520 ಅಂತ ಒಂದೇ ಕಡೆ ನಿಂತಿದ್ದರೆ ಮೊದಲ ಅನುಮಾನ ಟ್ರಿಮ್ ಮೇಲೆ. ಸ್ಟಿಕ್ಕಿನ ನಡುವನ್ನು ಸ್ವಲ್ಪ ಆಚೀಚೆ ಸರಿಸುವ, ಅದರ ಪಕ್ಕದ ಪುಟ್ಟ ಬಟನ್‌ಗಳು ಗೊತ್ತಲ್ವಾ, ಚೀಲದಿಂದ ತೆಗೆಯುವಾಗ ಬೆರಳು ತಾಗಿ ಒತ್ತಿಹೋಗಿರುತ್ತವೆ. ಫ್ಲೈಟ್ ಕಂಟ್ರೋಲರ್ ಇರುವ ಹವ್ಯಾಸಿ ಡ್ರೋನ್‌ಗಳಿಗೆ ಟ್ರಿಮ್ ಸೊನ್ನೆಯಲ್ಲಿರುವುದೇ ಸರಿ. ಆಟಿಕೆ ಡ್ರೋನ್‌ನಲ್ಲಿ ಮಾತ್ರ ಟ್ರಿಮ್‌ನಿಂದಲೇ ಜಾರುವಿಕೆ ಸರಿಮಾಡಬೇಕು.

ಅಂಕಿ ಒಂದೆಡೆ ನಿಲ್ಲದೆ ಕುಣಿಯುತ್ತಿದ್ದರೆ? 1499, 1501 ಅಂತ ಅಲುಗಾಡುವುದು ಮಾಮೂಲು, ತಲೆ ಕೆಡಿಸಿಕೊಳ್ಳಬೇಡಿ. ಡೆಡ್‌ಬ್ಯಾಂಡ್ ಅನ್ನುವ ಸೆಟ್ಟಿಂಗ್ ನಾಲ್ಕೈದಕ್ಕೆ ಇಟ್ಟರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಸ್ಟಿಕ್ಕನ್ನು ನಿಧಾನಕ್ಕೆ ಒಂದು ತುದಿಯಿಂದ ಇನ್ನೊಂದಕ್ಕೆ ಒಯ್ಯುವಾಗ ಯಾವುದೋ ಒಂದು ಜಾಗದಲ್ಲಿ 1430ರಿಂದ ಥಟ್ಟನೆ 1560ಕ್ಕೆ ಹಾರಿ, ಮತ್ತೆ 1440ಕ್ಕೆ ಬಂದರೆ, ಅದೂ ಪ್ರತಿ ಸಲ ಅದೇ ಜಾಗದಲ್ಲಿ ಆದರೆ, ಸ್ಟಿಕ್ ಕೆಳಗಿನ ಪೊಟೆನ್ಶಿಯೋಮೀಟರ್ ಸವೆದಿದೆ. ಅದರೊಳಗೆ ಕಾರ್ಬನ್ ಲೇಪದ ಒಂದು ಪಟ್ಟಿ, ಅದರ ಮೇಲೆ ಜಾರುವ ಒಂದು ಲೋಹದ ನಾಲಿಗೆ ಇರುತ್ತದೆ. ಹಳೇ ರೇಡಿಯೋದ ವಾಲ್ಯೂಮ್ ತಿರುಗಿಸಿದಾಗ ಕರಕರ ಅನ್ನುತ್ತಿದ್ದದ್ದೂ ಇದೇ ಬಿಡಿಭಾಗದಿಂದ. ಧೂಳು ಕೂತಿದ್ದರೆ ಎಲೆಕ್ಟ್ರಾನಿಕ್ಸ್‌ಗೆಂದೇ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಿಟ್ಟು ಹತ್ತಾರು ಸಲ ಆಡಿಸಿದರೆ ಸರಿಹೋಗಬಹುದು. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಹೊಡೆಯಬೇಡಿ, ಅದು ಜಿಡ್ಡು ಉಳಿಸಿ ಇನ್ನಷ್ಟು ಧೂಳು ಕಟ್ಟುತ್ತದೆ. ಕಾರ್ಬನ್ನೇ ಸವೆದಿದ್ದರೆ ಬದಲಾಯಿಸುವುದೊಂದೇ ದಾರಿ.

ಈಗಿನ ಒಳ್ಳೆಯ ರಿಮೋಟ್‌ಗಳಲ್ಲಿ ಇದರ ಬದಲು ಹಾಲ್ ಸೆನ್ಸರ್ ಇರುತ್ತದೆ. ಒಂದು ಪುಟ್ಟ ಅಯಸ್ಕಾಂತ ತಿರುಗುತ್ತದೆ, ಅದರ ಬಲವನ್ನು ಸೆನ್ಸರ್ ದೂರದಿಂದಲೇ ಓದುತ್ತದೆ. ತಿಕ್ಕಾಟ ಇಲ್ಲ, ಸವೆತವೂ ಇಲ್ಲ. ಆದರೆ ಹೊರಗಿನ ಅಯಸ್ಕಾಂತ ಹತ್ತಿರ ಬಂದರೆ ಇದಕ್ಕೆ ಗೊಂದಲ. ಮ್ಯಾಗ್ನೆಟ್ ಇರುವ ಫೋನ್ ಕವರ್ ಅಥವಾ ಸ್ಪೀಕರ್ ಪಕ್ಕದಲ್ಲಿದ್ದಾಗ ಮಾತ್ರ ಅಂಕಿ ಸರಿದರೆ ರಿಪೇರಿ ಅಂದರೆ ಅದನ್ನು ಆಚೆ ಇಡುವುದು.

ಒಂದು ಸ್ಟಿಕ್ ಎತ್ತಿದರೆ ಇನ್ಯಾವುದೋ ಪಟ್ಟಿ ಓಡುತ್ತಿದೆಯಾ? ಅದು ಕೆಟ್ಟದ್ದಲ್ಲ, ಚಾನೆಲ್‌ಗಳ ಕ್ರಮ ಅದಲುಬದಲು. ಕೆಲವು ರಿಮೋಟ್‌ಗಳು ಥ್ರಾಟಲನ್ನು ಮೊದಲ ಚಾನೆಲ್‌ನಲ್ಲಿ ಕಳಿಸುತ್ತವೆ, ಬೀಟಾಫ್ಲೈಟ್ ಅದನ್ನು ಮೂರನೆಯದರಲ್ಲಿ ಕಾಯುತ್ತದೆ. ರಿಸೀವರ್ ಪುಟದಲ್ಲಿ ಕ್ರಮ ಬದಲಿಸಿದರೆ ಮುಗಿಯಿತು. ಹಾಗೇ ಸೆಕೆಂಡ್ ಹ್ಯಾಂಡ್ ರಿಮೋಟ್‌ನಲ್ಲಿ ಥ್ರಾಟಲ್ ಬಲಗೈಗೆ ಬಂದಿದ್ದರೆ ಅದು ಮೋಡ್ 1. ಎಡಗೈಯಲ್ಲಿದ್ದರೆ ಮೋಡ್ 2.

ಬೈಂಡ್ ಆಗುತ್ತಿಲ್ಲ

ರಿಮೋಟಿಗೂ ರಿಸೀವರ್‌ಗೂ ಒಮ್ಮೆ ಗಂಟು ಹಾಕಬೇಕು, ಅದೇ ಬೈಂಡಿಂಗ್. ಆಮೇಲೆ ಅವು ಒಬ್ಬರನ್ನೊಬ್ಬರು ಬಿಟ್ಟು ಬೇರೆಯವರ ಮಾತು ಕೇಳುವುದಿಲ್ಲ. ವಿಧಾನ ಒಂದೊಂದರದ್ದು ಒಂದೊಂದು. ಆಟಿಕೆ ಡ್ರೋನ್‌ಗಳಲ್ಲಿ ಬಹುತೇಕ ಥ್ರಾಟಲ್ ಒಮ್ಮೆ ಪೂರ್ತಿ ಮೇಲೆ, ಒಮ್ಮೆ ಪೂರ್ತಿ ಕೆಳಗೆ. ಡಿಜೆಐನ ಹಲವು ಡ್ರೋನ್‌ಗಳಲ್ಲಿ ಡ್ರೋನಿನ ಪವರ್ ಬಟನ್ ಅನ್ನು 4 ಸೆಕೆಂಡಿಗಿಂತ ಜಾಸ್ತಿ ಹೊತ್ತು, ಬೀಪ್ ಕೇಳುವ ತನಕ ಒತ್ತಿ ಹಿಡಿಯಬೇಕು. ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ರಿಸೀವರ್‌ಗೆ ಕರೆಂಟ್ ಕೊಟ್ಟು ತೆಗೆಯುವುದನ್ನು ಬೇಗ ಬೇಗ ಮೂರು ಸಲ ಮಾಡಿದರೆ ದೀಪ ಜೋಡಿ ಜೋಡಿಯಾಗಿ ಮಿಣುಕುತ್ತದೆ. ಬೈಂಡ್‌ಗೆ ತಯಾರು ಅಂತ ಅರ್ಥ. ದೀಪ ತುಂಬ ವೇಗವಾಗಿ ಮಿಣುಕುತ್ತಿದ್ದರೆ ಅದು ವೈಫೈ ಮೋಡ್‌ಗೆ ಹೋಗಿದೆ. ಒಂದು ನಿಮಿಷ ರಿಮೋಟ್ ಸಿಗದಿದ್ದರೆ ಅದು ತಾನಾಗಿ ಹಾಗೆ ಮಾಡುತ್ತದೆ, ಕರೆಂಟ್ ತೆಗೆದು ಮತ್ತೆ ಕೊಡಿ.

ವಿಧಾನ ಸರಿಯಿದ್ದೂ ಕೂಡದಿದ್ದರೆ ಬಹುತೇಕ ಭಾಷೆಯ ಜಗಳ. ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್‌ನಲ್ಲಿ ವರ್ಷನ್ 2 ಇರುವ ರಿಮೋಟ್ ವರ್ಷನ್ 3 ಇರುವ ರಿಸೀವರ್ ಜೊತೆ ಮಾತಾಡುವುದೇ ಇಲ್ಲ. ಬೈಂಡಿಂಗ್ ಫ್ರೇಸ್ (ಎರಡಕ್ಕೂ ಕೊಡುವ ಗುರುತಿನ ಪದ) ಇಟ್ಟಿದ್ದರೆ ಎರಡೂ ಕಡೆ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಎಫ್‌ಆರ್‌ಸ್ಕೈ ಕಂಪನಿಯ ರಿಸೀವರ್‌ಗಳಲ್ಲಿ ಡಿ8, ಡಿ16 ಅನ್ನುವ ಬಗೆಗಳಿವೆ, ಯುರೋಪಿನ ನಿಯಮಕ್ಕೆ ಬೇರೆ ಫರ್ಮ್‌ವೇರ್ ಇದೆ. ಎರಡು ಕಡೆ ಬೇರೆ ಬೇರೆ ಇದ್ದರೆ ಎಷ್ಟು ಸಲ ಬೈಂಡ್ ಬಟನ್ ಒತ್ತಿದರೂ ಪ್ರಯೋಜನ ಇಲ್ಲ. ಹೊಸ ಡ್ರೋನ್, ಹಳೇ ರಿಮೋಟ್ ಇದ್ದಾಗ ನಾನು ಮೊದಲು ನೋಡುವುದೇ ವರ್ಷನ್. ಎರಡನ್ನೂ ಅಪ್‌ಡೇಟ್ ಮಾಡಿ ಆಮೇಲೆ ಮುಂದಿನ ಮಾತು. ಅಪ್‌ಡೇಟ್ ಮಾಡುವಾಗ ಬ್ಯಾಟರಿ ಅರ್ಧಕ್ಕಿಂತ ಜಾಸ್ತಿ ಇರಲಿ.

ಇನ್ನೊಂದು ವಿಚಿತ್ರ ಸ್ಥಿತಿ ಬರುತ್ತದೆ. ರಿಮೋಟ್ ಪರದೆಯಲ್ಲಿ ಸಿಗ್ನಲ್ ಇದೆ, ಡ್ರೋನಿನ ಬ್ಯಾಟರಿ ವಿವರವೂ ಬರುತ್ತಿದೆ, ಆದರೆ ಸ್ಟಿಕ್ ಆಡಿಸಿದರೆ ಪಟ್ಟಿ ಅಲ್ಲಾಡುತ್ತಿಲ್ಲ. ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್‌ನಲ್ಲಿ ಮಾಡೆಲ್ ಮ್ಯಾಚ್ ಅನ್ನುವ ಆಯ್ಕೆ ಆನ್ ಇದ್ದು, ರಿಮೋಟ್‌ನಲ್ಲಿ ಬೇರೆ ಡ್ರೋನಿನ ಮಾಡೆಲ್ ಆರಿಸಿದ್ದರೆ ಹೀಗಾಗುತ್ತದೆ. ತಪ್ಪು ಡ್ರೋನ್ ಹಾರಿಹೋಗದಿರಲಿ ಅಂತ ಇಟ್ಟ ಬೀಗ ಅದು.

ಫೋನ್ ಸಿಕ್ಕಿಸಿ ಹಾರಿಸುವ ರಿಮೋಟ್‌ಗಳ ಬಗ್ಗೆ ಒಂದು ಮಾತು. ಫೋನ್ ಪರದೆ ಕಪ್ಪಾದರೆ ರಿಮೋಟ್ ಕೆಟ್ಟಿತು ಅಂತ ಅಲ್ಲ. ಇಂಥ ರಿಮೋಟ್ ಡ್ರೋನ್ ಜೊತೆ ನೇರವಾಗಿ ಮಾತಾಡುತ್ತದೆ, ಫೋನ್ ಬರೀ ಕಿಟಕಿ. ಕೇಬಲ್ ಬದಲಿಸಿ ನೋಡಿ. ಚಾರ್ಜ್ ಮಾತ್ರ ಮಾಡುವ ಕೇಬಲ್‌ಗಳಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ. ಇನ್ನು ವೈಫೈ ಮೇಲೆ ಫೋನಿನಿಂದಲೇ ಹಾರಿಸುವ ಆಟಿಕೆಗಳಲ್ಲಿ ಫೋನೇ ಕೈಕೊಡುತ್ತದೆ: ಈ ವೈಫೈನಲ್ಲಿ ಇಂಟರ್ನೆಟ್ ಇಲ್ಲ ಅಂತ ಅದು ಮೊಬೈಲ್ ಡೇಟಾಗೆ ಜಿಗಿಯುತ್ತದೆ, ಡ್ರೋನ್ ಅನಾಥ. ಹಾರಿಸುವಾಗ ಮೊಬೈಲ್ ಡೇಟಾ ಆಫ್ ಮಾಡಿಡಿ.

ಹತ್ತಿರ ಸರಿ, ದೂರ ಹೋದರೆ ಇಲ್ಲ

ಮೇಜಿನ ಮೇಲೆ ಎಲ್ಲ ಪರೀಕ್ಷೆ ಪಾಸಾಗಿ, ಮೈದಾನದಲ್ಲಿ ಕೈಕೊಡುವ ರಿಮೋಟ್ ಜಾಸ್ತಿ ತಲೆನೋವು ಕೊಡುತ್ತದೆ. ಅನುಮಾನ ನೇರ ಆಂಟೆನಾ ಮೇಲೆ. ಯಾಕೆ ಅಂತ ಒಂದು ಲೆಕ್ಕ ಹೇಳುತ್ತೇನೆ. ಅಡ್ಡಿ ಇಲ್ಲದ ಬಯಲಲ್ಲಿ ದೂರ ಎರಡರಷ್ಟಾದಾಗ ಸಿಗ್ನಲ್ 6 ಡೆಸಿಬೆಲ್ ಇಳಿಯುತ್ತದೆ. ತಿರುವುಮುರುವಾಗಿ ನೋಡಿದರೆ, ಆಂಟೆನಾ ತಂತಿ ಕಳಚಿ 20 ಡೆಸಿಬೆಲ್ ಹಾಳಾದರೆ ದೂರ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಒಂದು ಕಿಲೋಮೀಟರ್ ಹೋಗುತ್ತಿದ್ದದ್ದು ನೂರು ಮೀಟರ್‌ಗೆ ನಿಲ್ಲುತ್ತದೆ. ಮೇಜಿನ ಮೇಲೆ ಒಂದು ಮೀಟರ್‌ನಲ್ಲಿ ನೋಡಿದರೆ ಏನೂ ಆಗದ ಹಾಗೇ ಇರುತ್ತದೆ. ಅದಕ್ಕೇ ಮನೆಯೊಳಗಿನ ಪರೀಕ್ಷೆಯನ್ನು ಆಂಟೆನಾ ವಿಷಯದಲ್ಲಿ ನಂಬಬಾರದು.

ಹೆಚ್ಚಿನ ರಿಮೋಟ್‌ಗಳಲ್ಲಿ ರೇಂಜ್ ಚೆಕ್ ಅನ್ನುವ ಆಯ್ಕೆ ಇರುತ್ತದೆ, ಅಥವಾ ರೇಡಿಯೋದ ಬಲವನ್ನು ಕಡಿಮೆ ಮಾಡಲು ಬರುತ್ತದೆ. ಬಲ ತಗ್ಗಿಸಿ, ಡ್ರೋನನ್ನು ನೆಲದ ಮೇಲಿಟ್ಟು, ನಡೆಯುತ್ತ ದೂರ ಹೋಗಿ. ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್‌ನಲ್ಲಿ ನೋಡಬೇಕಾದ ಅಂಕಿ ಲಿಂಕ್ ಕ್ವಾಲಿಟಿ. ಕಳಿಸಿದ ನೂರು ಪ್ಯಾಕೆಟ್‌ಗಳಲ್ಲಿ (ಅಂಕಿಗಳ ಕಟ್ಟುಗಳಲ್ಲಿ) ಎಷ್ಟು ಮುಟ್ಟಿದವು ಅಂತ ಅದು ಹೇಳುತ್ತದೆ. ಸಿಗ್ನಲ್ ಬಲವನ್ನು ಡಿಬಿಎಂನಲ್ಲಿ ಹೇಳುತ್ತಾರೆ, ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಕ್ಷೀಣ. 2.4 ಗಿಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ 250 ಪ್ಯಾಕೆಟ್ ವೇಗ ಇಟ್ಟರೆ ರಿಸೀವರ್ ಸುಮಾರು ಮೈನಸ್ 108 ತನಕ ಕೇಳಿಸಿಕೊಳ್ಳಬಲ್ಲದು, 50 ಇಟ್ಟರೆ ಮೈನಸ್ 115 ತನಕ. ಕಾಲಬುಡದಲ್ಲಿದ್ದಾಗಲೇ ಮೈನಸ್ 80 ತೋರಿಸಿದರೆ ಎಲ್ಲೋ ತಂತಿ ಕಳಚಿದೆ. ಸಿಗ್ನಲ್ ಬಲ ಚೆನ್ನಾಗಿದ್ದು ಲಿಂಕ್ ಕ್ವಾಲಿಟಿ ಮಾತ್ರ ಬೀಳುತ್ತಿದ್ದರೆ ಸುತ್ತಮುತ್ತ ಗದ್ದಲ ಜಾಸ್ತಿ ಅಂತ ಅರ್ಥ. ವೈಫೈ ರೂಟರ್‌ಗಳೂ ಇದೇ 2.4 ಗಿಗಾಹರ್ಟ್ಸ್‌ನಲ್ಲೇ ಇರುತ್ತವೆ. ಜಾಗ ಬದಲಿಸಿ ನೋಡಿ.

ಆಂಟೆನಾ ಹಿಡಿಯುವ ರೀತಿಯಲ್ಲೂ ತಪ್ಪಾಗುತ್ತದೆ. ಕಡ್ಡಿಯಂಥ ಆಂಟೆನಾ ತನ್ನ ಪಕ್ಕಗಳಿಗೆ ಸಿಗ್ನಲ್ ಚೆಲ್ಲುತ್ತದೆ, ತುದಿಯ ಕಡೆಗೆ ಬಹಳ ಕಡಿಮೆ. ಆದರೆ ನಮಗೆ ಬೊಟ್ಟುಮಾಡಿ ತೋರಿಸುವ ಅಭ್ಯಾಸ. ತುದಿಯನ್ನೇ ಡ್ರೋನ್ ಕಡೆ ಗುರಿಯಿಟ್ಟು ಹಿಡಿಯುತ್ತೇವೆ, ಸಿಗ್ನಲ್ ಇಲ್ಲದ ಜಾಗಕ್ಕೇ ಡ್ರೋನನ್ನು ಕೂರಿಸುತ್ತೇವೆ. ಕಡ್ಡಿಯ ಪಕ್ಕ, ಅಥವಾ ಚಪ್ಪಟೆ ಆಂಟೆನಾದ ಅಗಲದ ಮುಖ, ಡ್ರೋನ್ ಕಡೆ ಇರಬೇಕು. ನಿಮ್ಮ ಮೈ ಮಧ್ಯೆ ಬರಬಾರದು. ಈ ತರಂಗಗಳನ್ನು ನೀರು ಹೀರುತ್ತದೆ, ನಮ್ಮ ಮೈಯಲ್ಲಿ ಇರುವುದು ಬಹುಪಾಲು ನೀರೇ.

ಡ್ರೋನಿನ ಕಡೆಯ ಆಂಟೆನಾ ಕೂಡ ನೋಡಿ. ಕೂದಲಿನಂಥ ತಂತಿಯ ರಿಸೀವರ್ ಆಂಟೆನಾದಲ್ಲಿ ನಿಜವಾಗಿ ಸಿಗ್ನಲ್ ಹಿಡಿಯುವುದು ತುದಿಯಲ್ಲಿ ಸಿಪ್ಪೆ ಸುಲಿದ ಸುಮಾರು 31 ಮಿಲಿಮೀಟರ್ ಭಾಗ ಮಾತ್ರ. 2.4 ಗಿಗಾಹರ್ಟ್ಸ್ ತರಂಗದ ಉದ್ದ ಸುಮಾರು 12.3 ಸೆಂಟಿಮೀಟರ್, ಅದರ ಕಾಲು ಭಾಗ ಇದು. ಉಳಿದದ್ದೆಲ್ಲ ಬರೀ ಸಾಗಿಸುವ ಕೇಬಲ್. ಪ್ರೊಪೆಲ್ಲರ್ ತಾಗಿ ಆ ತುದಿ ಹಾರಿಹೋಗಿದ್ದರೆ ಉದ್ದ ತಂತಿ ಉಳಿದಿದ್ದರೂ ಆಂಟೆನಾ ಇಲ್ಲದ ಹಾಗೆಯೇ.

ಕೊನೆಗೂ ಬಿಚ್ಚಬೇಕಾದರೆ

ಇಷ್ಟೆಲ್ಲ ನೋಡಿ ತಪ್ಪು ರಿಮೋಟ್ ಒಳಗೇ ಇದೆ ಅಂತ ಖಚಿತವಾದರೆ, ವಾರಂಟಿ ಮುಗಿದಿದ್ದರೆ, ಬಿಚ್ಚಿ. ಮೊದಲು ಬ್ಯಾಟರಿ ತೆಗೆಯಿರಿ. ಪ್ರತಿ ಹಂತಕ್ಕೂ ಫೋನಿನಲ್ಲಿ ಒಂದು ಫೋಟೋ ಹೊಡೆದುಕೊಳ್ಳಿ. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ, ಬಿಚ್ಚಿದ ಜಾಗದ ಹಾಗೇ ಜೋಡಿಸಿಟ್ಟುಕೊಳ್ಳಿ.

ಒಳಗೆ ಮೊದಲು ಹುಡುಕಬೇಕಾದದ್ದು ಕಳಚಿದ ಸಂಪರ್ಕ. ಕೆಳಗೆ ಬಿದ್ದ ರಿಮೋಟ್‌ನಲ್ಲಿ ಚಿಪ್ ಸುಟ್ಟಿರುವುದಕ್ಕಿಂತ ಕನೆಕ್ಟರ್ ಜಾರಿರುವುದೇ ಹೆಚ್ಚು. ಚಪ್ಪಟೆ ರಿಬ್ಬನ್ ಕೇಬಲ್‌ಗಳಿಗೆ ಪುಟ್ಟ ಚಿಲಕ ಇರುತ್ತದೆ. ಅದನ್ನು ಉಗುರಿನಿಂದ ಮೇಲೆತ್ತಿ, ಕೇಬಲ್ ನೆಟ್ಟಗೆ ಕೂರಿಸಿ, ಚಿಲಕ ಹಾಕಿ. ಆಂಟೆನಾ ತಂತಿಯ ತುದಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಚಿನ್ನದ ಬಣ್ಣದ ಗುಂಡಿ ಇರುತ್ತದೆ. ಯುಎಫ್‌ಎಲ್ ಕನೆಕ್ಟರ್ ಅಂದರೆ ಅದೇ. ನೇರ ಮೇಲಿಂದ ಒತ್ತಿದರೆ ಟಿಕ್ ಅಂತ ಕೂರುತ್ತದೆ. ಅದನ್ನು ಸುಮಾರು 30 ಸಲ ಹಾಕಿ ತೆಗೆಯುವಷ್ಟಕ್ಕೆ ಮಾತ್ರ ಮಾಡಿರುತ್ತಾರೆ. ಪದೇ ಪದೇ ತೆಗೆದು ಹಾಕಿ ಆಟ ಆಡಬೇಡಿ.

ಆಂಟೆನಾ ಸಿಕ್ಕಿಸದೆ ರಿಮೋಟ್ ಆನ್ ಮಾಡಲೂ ಬೇಡಿ. ಹೊರಗೆ ಹೋಗಬೇಕಾದ ಶಕ್ತಿ ಹಿಂದಕ್ಕೆ ತಿರುಗಿ ರೇಡಿಯೋದ ಪವರ್ ಆಂಪ್ಲಿಫೈಯರನ್ನು ಸುಡಬಹುದು. ಆಮೇಲೆ ಆಂಟೆನಾ ಹಾಕಿದರೂ ರಿಮೋಟ್ ಹತ್ತಿರದಲ್ಲಿ ಮಾತ್ರ ಕೆಲಸ ಮಾಡುತ್ತದೆ.

ಪೊಟೆನ್ಶಿಯೋಮೀಟರ್ ಮೇಲೆ ಅನುಮಾನ ಇದ್ದರೆ ಬ್ಯಾಟರಿ ಹಾಕಿ, ಅದರ ನಡುವಿನ ಕಾಲಿಗೆ ಮಲ್ಟಿಮೀಟರ್ ಇಟ್ಟು ಸ್ಟಿಕ್ ಸರಿಸಿ. ವೋಲ್ಟೇಜ್ ಸರಾಗವಾಗಿ ಏರಬೇಕು, ಇಳಿಯಬೇಕು. ಸರಾಗವಾಗಿದ್ದೂ ಪರದೆಯಲ್ಲಿ ಅಂಕಿ ಕುಣಿದರೆ ತಪ್ಪು ಬೆಸುಗೆಯಲ್ಲೋ ಬೋರ್ಡ್‌ನಲ್ಲೋ ಇದೆ. ಬೋರ್ಡ್ ಮಟ್ಟದ ಕೆಲಸ ಗೊತ್ತಿಲ್ಲದಿದ್ದರೆ ಅಲ್ಲಿಗೆ ನಿಲ್ಲಿಸಿ. ರಿಪೇರಿಯವರ ಹತ್ತಿರ ಹೋದಾಗ "ಕೆಲಸ ಮಾಡ್ತಿಲ್ಲ" ಅನ್ನಬೇಡಿ. "ಎಡ ಸ್ಟಿಕ್ 1430ರ ಹತ್ತಿರ ಜಿಗಿಯುತ್ತದೆ, ನಡುಕಾಲಿನಲ್ಲಿ ವೋಲ್ಟೇಜ್ ಸರಿಯಿದೆ" ಅನ್ನಿ. ಅವರ ಅರ್ಧ ಕೆಲಸ ನೀವೇ ಮುಗಿಸಿದ ಹಾಗೆ.

ರಿಪೇರಿ ಆದ ರಿಮೋಟನ್ನು ನೇರ ಮೈದಾನಕ್ಕೆ ಒಯ್ಯಬೇಡಿ. ಪ್ರೊಪೆಲ್ಲರ್ ಇನ್ನೂ ಬಿಚ್ಚಿರುವಾಗಲೇ ಆರ್ಮ್ ಮಾಡಿ, ಥ್ರಾಟಲ್ ಸ್ವಲ್ಪ ಎತ್ತಿ, ರಿಮೋಟನ್ನು ಆಫ್ ಮಾಡಿ. ಹವ್ಯಾಸಿ ಡ್ರೋನ್ ಆದರೆ ಸ್ವಲ್ಪ ಹೊತ್ತಿನಲ್ಲಿ ಮೋಟರ್ ನಿಲ್ಲಬೇಕು. ನಿಲ್ಲದೆ ಹಾಗೇ ತಿರುಗುತ್ತಿದ್ದರೆ ರಿಸೀವರ್ ಕೊನೆಯ ಅಂಕಿಯನ್ನೇ ಹಿಡಿದುಕೊಂಡು ಕೂತಿದೆ. ಸಿಗ್ನಲ್ ಹೋದಾಗ ಏನು ಮಾಡಬೇಕು ಅಂತ ಹೇಳುವ ಫೇಲ್‌ಸೇಫ್ ಸೆಟ್ಟಿಂಗ್ ತಪ್ಪಿದೆ, ಅದನ್ನು ಸರಿಮಾಡುವ ತನಕ ಹಾರಿಸುವಂತಿಲ್ಲ. ಕ್ಯಾಮೆರಾ ಡ್ರೋನ್ ಆದರೆ ಸಿಗ್ನಲ್ ಹೋದಾಗ ವಾಪಸ್ ಬರುವುದಾ, ಅಲ್ಲೇ ಇಳಿಯುವುದಾ, ನಿಂತಲ್ಲೇ ನಿಲ್ಲುವುದಾ ಅಂತ ಆ್ಯಪ್‌ನಲ್ಲಿ ನೋಡಿಕೊಳ್ಳಿ. ಇದಾದ ಮೇಲೆ ರೇಂಜ್ ಚೆಕ್, ಅದಾದ ಮೇಲೆ ಪ್ರೊಪೆಲ್ಲರ್. ಮೊದಲ ಹಾರಾಟ ಮೊಣಕಾಲೆತ್ತರಕ್ಕೆ, ಜನರಿಂದ ದೂರ, ಹುಲ್ಲಿನ ಮೇಲೆ.